ಕಬ್ಬಿಣ ಮುಟ್ಟದ ಕೈ

“ಇನ್ನೊಸಿ ಸೀಗೆಪುಡಿ ಆಕು,” ಎನ್ನುತ್ತ ಚಲುವಯ್ಯ ಅಣ್ಣನ ಹೆಣದ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಅಂಗೈಯನ್ನು ತೆಂಗಿನ ಜುಂಗಿನಿಂದ ಗಸಗಸ ತಿಕ್ಕಿದ. ನೊರೆ ಬಂತು, ಹೋಯಿತು. ಅಂಗೈಯ ಕಂದುಬಣ್ಣ ಮಾತ್ರ ಹಾಗೇ ಉಳಿಯಿತು.

“ಬುಡು ಚಿಕ್ಕಪ್ಪ. ಅದು ಕೊಳೆ ಅಲ್ಲ,” ಎಂದಳು ಮುದ್ದಮ್ಮ.

“ಮಣ್ಣಿಗೋಗೋನ ಕೈ ಇಂಗಿರಬಾರ್ದು ಕಣವ್ವ. ನೋಡ್ದೋರು ಏನಂದಾರು?”

“ನೋಡ್ಲಿ. ಕಣ್ಬುಟ್ಟು ನೋಡ್ಲಿ.”

ಅವಳ ದನಿ ಕೇಳಿ ಚಲುವಯ್ಯ ಜುಂಗನ್ನು ಕೆಳಗಿಟ್ಟ. ನಸುಕಿನಲ್ಲಿ ಅಪ್ಪನ ಉಸಿರು ನಿಂತಾಗಿನಿಂದ ಮುದ್ದಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕೇರಿಯ ಹೆಂಗಸರು ಅದನ್ನೇ ಗುಸುಗುಸು ಆಡಿಕೊಳ್ಳುತ್ತಿದ್ದರು. ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂದು ಕೂತುಬಿಟ್ಟರೆ ಯಾರೇನು ಮಾಡಲಾದೀತು?

ಆ ಬಣ್ಣ ಅಗಸೆಯೆಣ್ಣೆಯದು. ಒಣಗಿ ಬಿರಿದ ಹಳೆಯ ಕೋವಿಗಳ ಮರಕ್ಕೆ ಇಪ್ಪತ್ತು ವರ್ಷ ಎಣ್ಣೆ ಕುಡಿಸಿ ಕುಡಿಸಿ ಲಕ್ಕಯ್ಯನ ಅಂಗೈ ಆ ಮರದ ಬಣ್ಣಕ್ಕೇ ತಿರುಗಿತ್ತು. ಕೋವಿಯ ಮರ ಮುಟ್ಟಬೇಡವೆಂದು ಊರು ಅಪ್ಪಣೆ ಮಾಡಿ ಮೂರು ವರ್ಷವಾಗಿತ್ತು. ಕೈ ಸುಮ್ಮನಿರಬೇಕಲ್ಲ. ಗೊರೂರಿನ ಅಣೆಕಟ್ಟೆ ಕೆಲಸಕ್ಕೆ ಕಲ್ಲೊಡೆಯಲು ಹೋದವನು ಅಲ್ಲಿಯ ಕೂಲಿಗಳ ಗುದ್ದಲಿ ಕಾವು, ಪಿಕಾಸಿ ಕಾವುಗಳನ್ನೆಲ್ಲ ಸಂಜೆಹೊತ್ತು ಕೂತು ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ಯಾರೂ ಕೇಳಿದ್ದಲ್ಲ. ಕಲ್ಲಿನ ಧೂಳು ಎದೆಗೆ ಇಳಿದು ಕೆಮ್ಮು ಹಿಡಿದು ಮನೆಗೆ ಬಂದಾಗಲೂ ಆ ಬಣ್ಣ ಹಾಗೇ ಇತ್ತು.

ಊರಿಗೆ ಮಾತ್ರ ಅದು ಪಟೇಲರ ಕೋವಿ ಸೀಳಿಸಿದ ಕೈ.

ಬೇಲಿಯಾಚೆ ಯಾರೋ ಕೆಮ್ಮಿದರು. ಪಟೇಲರ ಮನೆಯ ಆಳು ಪುಟ್ಟಸ್ವಾಮಿ. ನರೆತ ತಲೆ, ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಹೊಸ ಪಂಚೆ. ಪಂಚೆಯನ್ನು ಬೇಲಿಯ ಮೇಲಿಟ್ಟು, ಮುದ್ದಮ್ಮನ ಕಡೆ ನೋಡದೆ ಚಲುವಯ್ಯನಿಗೆ ಹೇಳಿದ: “ಪಟೇಲ್ರು ಕಳ್ಸವ್ರೆ. ಮಣ್ಣು ಕೊಡೋ ಒತ್ಗೆ ಅವ್ರೂ ಬತ್ತಾರಂತೆ.”

“ಪಟೇಲ್ರಾ? ನಮ್ಮ ಸುಡುಗಾಡಿಗಾ?” ಚಲುವಯ್ಯ ದಡಬಡಿಸಿ ಎದ್ದ. ಸರ್ಕಾರ ಪಟೇಲಿಕೆ ಕಿತ್ತುಕೊಂಡು ವರ್ಷಗಳಾಗಿದ್ದರೂ ಮಾವಿನಕೊಪ್ಪಲಿನಲ್ಲಿ ಪರಮಶಿವಯ್ಯನವರು ಪಟೇಲರೇ. ಅವರು ಕೇರಿಯವರ ಹೆಣದ ಹಿಂದೆ ಬಂದದ್ದನ್ನು ಕಂಡವರೇ ಇಲ್ಲ. “ಅಣ್ಣನ ಪುಣ್ಯ ಕಣವ್ವ,” ಎಂದು ಅವನು ಅತ್ತಿಗೆಯ ಕಡೆ ತಿರುಗಿದ. ಲಕ್ಕಯ್ಯನ ಹೆಂಡತಿ ಮಾದಮ್ಮ ಗೋಡೆಗೆ ಒರಗಿ ಕೂತಿದ್ದವಳು ಸುಮ್ಮನೆ ತಲೆಯಾಡಿಸಿದಳು.

“ಬರ್ಲಿ,” ಎಂದಳು ಮುದ್ದಮ್ಮ. “ಬಂದು ಏಳ್ಲಿ.”

“ಏನವ್ವ ಏಳೋದು?”

“ಮರ ಸೀಳಿದ್ದು ನಮ್ಮಪ್ಪನ ಕೈಯಿಂದ ಅಲ್ಲ ಅಂತ. ಮಣ್ಣು ಬೀಳೋಕೆ ಮುಂಚೆ.”

ಪುಟ್ಟಸ್ವಾಮಿ ಟವಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ಬಿರಬಿರನೆ ಹೊರಟುಹೋದ.

“ನಿನ್ ದಮ್ಮಯ್ಯ, ಇವತ್ತೊಂದಿನ ಬಾಯಿ ಬುಡಬ್ಯಾಡ,” ಎಂದ ಚಲುವಯ್ಯ. “ಅವ್ರ ಕೊಟ್ಟಿಗೆ ಗುಡ್ಸಿ ಉಣ್ತಾ ಇದೀಯ ನೀನು. ಗಂಡ ಇಲ್ಲ, ಈಗ ಅಪ್ಪಾನೂ ಇಲ್ಲ. ನಾಳೀಕೆ ಏನ್ ಮಾಡೀಯೆ?”

ನಾಳೆಯ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನೂ ಅದನ್ನೇ ಹೇಳಿ ಹೇಳಿ ಅವಳ ಬಾಯಿಗೆ ಬೀಗ ಹಾಕಿದ್ದ.

* * *

ಎರಡನೇ ಮಹಾಯುದ್ಧದ ಕಾಲದಲ್ಲಿ ಲಕ್ಕಯ್ಯ ಜಬ್ಬಲ್ಪುರದ ಕಡೆ ಪಟಾಲಮ್ಮಿನ ಕೋವಿ ರಿಪೇರಿ ಷೆಡ್ಡಿನಲ್ಲಿ ನಾಲ್ಕು ವರ್ಷ ಕೂಲಿಯಾಗಿದ್ದ. ಅಲ್ಲಿ ಕಬ್ಬಿಣವೂ ಅವನ ಕೈಯಲ್ಲೇ, ಮರವೂ ಅವನ ಕೈಯಲ್ಲೇ. ದಿನಕ್ಕೆ ಮೂವತ್ತು ರೈಫಲ್ಲು ಬಿಚ್ಚಿ ಜೋಡಿಸುತ್ತಿದ್ದ. ಯುದ್ಧ ಮುಗಿದು ಊರಿಗೆ ಬಂದಾಗ ಅವನ ವಿದ್ಯೆಯ ಸುದ್ದಿ ಅವನಿಗಿಂತ ಮುಂಚೆ ಊರು ಸೇರಿತ್ತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಲೈಸೆನ್ಸಿನ ಕೋವಿಯ ಮನೆಗಳಿಂದೆಲ್ಲ ಮರ ಬರತೊಡಗಿತು.

ಮರ ಮಾತ್ರ. ಇಡೀ ಕೋವಿ ಒಂದೇ ಒಂದು ದಿನ ಬರಲಿಲ್ಲ. ಕೋವಿ ಎಂದರೆ ಆಯುಧಪೂಜೆಗೆ ಕೂರುವ ದೇವರು; ಕಬ್ಬಿಣಕ್ಕೆ ಲಕ್ಕಯ್ಯ ಕೈ ಹಚ್ಚುವಂತಿಲ್ಲ. ಯಜಮಾನರು ತಾವೇ ತಿರುಪು ಬಿಚ್ಚಿ, ನಳಿಕೆಯನ್ನು ದೇವರಮನೆಯಲ್ಲಿಟ್ಟು, ಮರವನ್ನು ಗೋಣಿಯಲ್ಲಿ ಸುತ್ತಿ ಕಳಿಸುತ್ತಿದ್ದರು. ಆಳು ಬಂದು ಅದನ್ನು ಕೇರಿಯ ಬಾಯಿಯಲ್ಲಿದ್ದ ಚಪ್ಪಡಿಯ ಮೇಲಿಟ್ಟು ದೂರ ನಿಂತು ಕೂಗಿದರೆ ಲಕ್ಕಯ್ಯ ಹೋಗಿ ತರಬೇಕು. ಯುದ್ಧ ಗೆಲ್ಲಲು ಆದೀತು, ಪೂಜೆಗೆ ಆಗದು. ಎಂಥ ಕೈ ನೋಡಿ!

ಪಟೇಲರದು ಅಜ್ಜನ ಕಾಲದ ಇಂಗ್ಲಿಷ್ ರೈಫಲ್ಲು, ಅಕ್ರೋಟಿನ ಮರ. ಶ್ರಾವಣ ಮುಗಿಯುವ ಮೊದಲು ಬರುತ್ತಿತ್ತು. ಮರ ಬೆಳ್ಳಗೆ ಬಿಳಿಚಿಕೊಂಡು, ಹಿಡಿಯುವ ಕಡೆ ಸಣ್ಣಗಾಗುವ ಕೊರಳಿನ ಹತ್ತಿರ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತಿತ್ತು. ಲಕ್ಕಯ್ಯ ಅದನ್ನು ಬಿಸಿಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಡಬ್ಬವನ್ನು ಕೆಂಡದ ಮೇಲೆ ಬೆಚ್ಚಗಿಟ್ಟು, ಅಂಗೈಗೆ ಒಂದೇ ಒಂದು ತೊಟ್ಟು ಬಿಟ್ಟುಕೊಂಡು ತಿಕ್ಕಲು ಕೂರುತ್ತಿದ್ದ. ಬಟ್ಟೆಯಲ್ಲಿ ತಿಕ್ಕಿದರೆ ಆಗದು, ಅಂಗೈ ಕಾವೇರಬೇಕು, ಆ ಕಾವಿಗೆ ಮರ ಬಾಯಿ ಬಿಡಬೇಕು. ತಿಕ್ಕಿ, ಉಳಿದದ್ದನ್ನು ಒರೆಸಿ, ಮರುದಿನದವರೆಗೆ ಬಿಡಬೇಕು. “ಕುಡಿಯೋಷ್ಟೇ ಕೊಡ್ಬೇಕು ಕಣವ್ವ. ಆಸೆಬಿದ್ದು ಸುರುದ್ರೆ ಅಂಟಂಟಾಯ್ತದೆ,” ಎನ್ನುತ್ತಿದ್ದ. ಹೀಗೆ ನಲವತ್ತು ದಿನ. ನಲವತ್ತನೆಯ ದಿನ ಮರ ಎಳೇ ಕರುವಿನ ಮೈಯಂತೆ ಮಿನುಗುತ್ತಿತ್ತು.

ಮುಂದಿನ ಶ್ರಾವಣಕ್ಕೆ ಮತ್ತೆ ಬಿಳಿಚಿಕೊಂಡು ಬರುತ್ತಿತ್ತು.

“ಬ್ಯಾರೇರ ಮರ ನಾಕು ವರ್ಸ ತಡೀತದೆ. ಇದ್ಯಾಕೆ ವರ್ಸಕ್ಕೇ ಸಾಯ್ತದೆ?” ಎಂದು ಲಕ್ಕಯ್ಯ ತಲೆ ಕೆರೆದುಕೊಳ್ಳುತ್ತಿದ್ದ. ಗಂಡ ತೀರಿಕೊಂಡು ತವರಿಗೆ ಬಂದ ಮುದ್ದಮ್ಮ ಪಟೇಲರ ಕೊಟ್ಟಿಗೆ ಕೆಲಸಕ್ಕೆ ಸೇರಿದ ಮೊದಲನೆಯ ವರ್ಷವೇ ಉತ್ತರ ಸಿಕ್ಕಿತು. ಅಪ್ಪ ನಲವತ್ತು ದಿನ ತಿಕ್ಕಿದ ಮರವನ್ನು ಪುಟ್ಟಸ್ವಾಮಿ ಚಿಮಟದಲ್ಲಿ ಹಿಡಿದು ತಂದ. ಪಟೇಲರ ಹೆಂಡತಿ ದಾಕ್ಷಾಯಣಮ್ಮ ದೂರ ನಿಂತು ಬೆರಳು ತೋರಿಸಿದರು. ಮರ ದನಗಳ ಕಲ್ಲುಬಾನಿಗೆ ಬಿತ್ತು. ಮೇಲೆ ಗಂಜಲ, ಅರಿಸಿನದ ನೀರು. ರಾತ್ರಿಯೆಲ್ಲ ನೆನೆದ ಮರ ಬೆಳಿಗ್ಗೆ ಮಾಳಿಗೆಗೆ ಹೋಗಿ ಮೂರು ದಿನ ಬಿಸಿಲಿನಲ್ಲಿ ಕಾಯಿತು. ಲಕ್ಕಯ್ಯ ಮುಟ್ಟಿದ ಮೈಲಿಗೆ ತೊಳೆದುಹೋಗಬೇಕಲ್ಲ. ಅದರ ಜೊತೆ ಅವನ ಎಣ್ಣೆಯೂ ಹೋಯಿತು.

ಓಡಿಬಂದು ಹೇಳಿದಳು. ಲಕ್ಕಯ್ಯ ಎಣ್ಣೆಯ ಡಬ್ಬದ ಮುಚ್ಚಳ ಹಾಕಿ ಬಿಗಿದ.

“ಯಾರ್ಗೂ ಏಳ್ಬ್ಯಾಡ,” ಎಂದ.

“ಯಾಕಪ್ಪ? ನೀರಿಗೆ ಆಕ್ಬ್ಯಾಡಿ ಅಂತ ಒಂದ್ಮಾತು ಏಳಿದ್ರೆ ಆಯ್ತಲ್ಲ.”

“ಏನಂತ ಏಳನೆ? ನಾ ಮುಟ್ಟಿದ್ದ ತೊಳೀಬ್ಯಾಡಿ ಅನ್ನಾನಾ? ಅಂಗಂದೇಟ್ಗೆ ಮರಾನೂ ಬರಾಕಿಲ್ಲ, ನಿನ್ನ ಕೊಟ್ಟಿಗೆಗೂ ಬುಡಾಕಿಲ್ಲ.”

“ಸೀಳೋಯ್ತದಲ್ಲಪ್ಪ ಮರ!”

“ಇನ್ನೊಸಿ ಜಾಸ್ತಿ ತಿಕ್ಕಾನ ಬುಡು.”

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಗಿತ್ತು. ಎಂಟು ವರ್ಷ ಅವನು ಹಾಗೇ ತಿಕ್ಕಿದ. ಎಂಟು ವರ್ಷ ಅವರು ಹಾಗೇ ನೆನೆಸಿದರು. ಅವಳು ಎರಡನ್ನೂ ನೋಡಿಕೊಂಡು ಸೆಗಣಿ ಬಾಚಿದಳು.

* * *

ಚಟ್ಟ ಎತ್ತುವ ಹೊತ್ತಿಗೆ ಬಿಸಿಲು ಮಾಡು ದಾಟಿತ್ತು. ಪಟೇಲರು ಕಳಿಸಿದ ಪಂಚೆಯನ್ನು ಹೆಣಕ್ಕೆ ಹೊದಿಸಲು ಚಲುವಯ್ಯ ಬಿಚ್ಚಿದ. ಮುದ್ದಮ್ಮ ಅದನ್ನು ಅವನ ಕೈಯಿಂದ ಕಿತ್ತು ಬೇಲಿಯ ಮೇಲೆ ಎಸೆದಳು.

“ನಿನಗೇನಾಯ್ತೇ?” ಎಂದಳು ಮಾದಮ್ಮ. “ಸತ್ತೋರ ಮುಂದೆ ಇಂಗಾಡ್ತಾರಾ?”

“ನಿನಗೇನೂ ಅನ್ನುಸ್ತಿಲ್ವೇನವ್ವ?”

“ಅನ್ನುಸ್ತದೆ. ಅನ್ನುಸ್ದೇ ಏನು? ನಿಮ್ಮಪ್ಪನೇ ಒಪ್ಕೊಂಡು ತಲೆ ತಗ್ಗಿಸಿದ್ಮೇಲೆ ನಾ ಯಾರ್ ಮುಂದೆ ಏಳ್ಕೊಳ್ಳಿ? ಸುಮ್ನೆ ಮಣ್ಣು ಮಾಡಿ ಬರಾನ ನಡಿ.”

ಅವಳು ನಡೆದಳು. ತಮಟೆಯ ಹಿಂದೆ, ಹೆಂಗಸರ ಸಾಲಿನಲ್ಲಿ, ಹಲ್ಲು ಕಚ್ಚಿಕೊಂಡು. ಕೇರಿ ದಾಟಿ ಚಪ್ಪಡಿಯ ಪಕ್ಕದಲ್ಲೇ ಚಟ್ಟ ಸಾಗಿತು. ಎಲ್ಲರಿಗಿಂತ ಹೆಚ್ಚಾಗಿ ಅವಳಿಗೆ ಅಪ್ಪನ ಮೇಲೆ ಕೋಪವಿತ್ತು. ಅಪ್ಪನಿಗಿಂತ ಹೆಚ್ಚಾಗಿ ತನ್ನ ಮೇಲೆ.

* * *

ಮೂರು ವರ್ಷದ ಹಿಂದೆ ರಾಗಿ ಹೊಲಕ್ಕೆ ಬಿದ್ದ ಹಂದಿಗೆ ಪಟೇಲರು ಗುಂಡು ಹಾರಿಸಿದಾಗ ಮರ ಕೊರಳಿನಲ್ಲಿ ಎರಡಾಗಿ ಸೀಳಿ, ಕಬ್ಬಿಣ ಹಿಂದಕ್ಕೆ ಹಾರಿ ಅವರ ಕೆನ್ನೆಗೆ ಬಡಿಯಿತು. ಮೂರು ಹಲ್ಲು ಹೋದವು. ಕೆನ್ನೆಯ ಮೇಲೆ ಕುಡುಗೋಲಿನಂಥ ಗಾಯ ಉಳಿಯಿತು. ಹಾಸನದ ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಚಾವಡಿಯಲ್ಲಿ ಊರು ಸೇರಿತು.

“ಎಣ್ಣೆಗೆ ಏನು ಬೆರೆಸಿದ್ದೆ?” ಪಟೇಲರು ಬಟ್ಟೆ ಸುತ್ತಿದ ಮುಖದಲ್ಲೇ ಕೇಳಿದರು.

“ಏನೂ ಇಲ್ಲ ಬುದ್ಧಿ.”

“ಹಾಗಾದ್ರೆ ಮರ ಹೇಗೆ ಸೀಳಿತು? ನಿನ್ನ ಕೈ ಬಿಟ್ರೆ ಬೇರೆ ಯಾರ ಕೈಗೆ ಹೋಗಿತ್ತು ಅದು?”

ಲಕ್ಕಯ್ಯ ತಲೆಯೆತ್ತಿದ. ಚಾವಡಿಯ ಕಂಬದ ಪಕ್ಕದಲ್ಲಿ ಪುಟ್ಟಸ್ವಾಮಿ ನಿಂತಿದ್ದ. ಅವನು ನೆಲ ನೋಡುತ್ತಿದ್ದ. ಲಕ್ಕಯ್ಯನ ಕಣ್ಣು ಅವನನ್ನು ದಾಟಿ, ಜನರ ಹಿಂದೆ ನಿಂತಿದ್ದ ಮುದ್ದಮ್ಮನ ಮೇಲೆ ಬಂದು ನಿಂತಿತು. ನೋಡಿದವಳು ಅವಳು, ಹೇಳಿದರೆ ಅವಳ ಹೆಸರು ಹೇಳಬೇಕು. ಅವಳ ನಾಲಗೆ ತುದಿಗೆ ಮಾತು ಬಂದಿತ್ತು. ಅಪ್ಪ ಬೇಡವೆಂದು ರೆಪ್ಪೆ ಮುಚ್ಚಿ ತೆರೆದ.

“ತಪ್ಪಾಯ್ತು ಬುದ್ಧಿ,” ಎಂದ.

ಅಷ್ಟೇ. ಅವನ ಎರಡು ಕೈಗಳನ್ನೂ ಮುಂದೆ ಚಾಚಿಸಿ, ಇನ್ನು ಕೋವಿಯ ಮರ ಮುಟ್ಟುವುದಿಲ್ಲವೆಂದು ದೇವರ ಹೆಸರಿನಲ್ಲಿ ಆಣೆ ಮಾಡಿಸಿದರು. ಎಣ್ಣೆಯ ಡಬ್ಬ ತರಿಸಿ ಪುಟ್ಟಸ್ವಾಮಿಯ ಕೈಯಲ್ಲೇ ಚಾವಡಿಯ ಮುಂದಿನ ಧೂಳಿಗೆ ಸುರಿಸಿದರು. ತಿಂಗಳೊಪ್ಪತ್ತಿನಲ್ಲಿ ಸುದ್ದಿ ಚನ್ನರಾಯಪಟ್ಟಣದ ತನಕ ಹೋಗಿ, ಯಾವ ಮನೆಯಿಂದಲೂ ಒಂದು ತುಂಡು ಮರ ಬರದಾಯಿತು. ಸುಳ್ಳಿಗೆ ಬಸ್ಸು ಚಾರ್ಜು ಬೇಕಿಲ್ಲ ನೋಡಿ.

ಆಮೇಲೆ ಪಟೇಲರು ಕೋವಿಗೆ ಹೊಸ ಮರ ಹಾಕಿಸಿದರು. ಹೊಳೆನರಸೀಪುರದ ಒಬ್ಬ ಆಚಾರಿ ಮಾಡಿಕೊಟ್ಟ. ಆಚಾರಿಯ ಕೈ ಮುಟ್ಟಿದ್ದನ್ನು ತೊಳೆಯುವ ಅಗತ್ಯವಿರಲಿಲ್ಲ. ಅದು ಬಾನಿಗೆ ಬೀಳಲಿಲ್ಲ, ಬಿಸಿಲಿಗೆ ಹೋಗಲಿಲ್ಲ. ನೆಟ್ಟಗೆ ದೇವರಮನೆಗೆ ಹೋಗಿ ಕೂತಿತು. ಹಾಗಾಗಿ ಸೀಳಲೂ ಇಲ್ಲ. ಊರಿಗೆ ಬೇರೆ ಸಾಕ್ಷಿ ಬೇಕೇ?

* * *

ಕೆರೆಯ ಹಿಂದಿನ ಗೋಮಾಳದಲ್ಲಿ ಗುಂಡಿ ತೋಡಿದ್ದರು. ಹೆಣವನ್ನು ಇಳಿಸಿ ತಲೆಯನ್ನು ದಕ್ಷಿಣಕ್ಕೆ ಇಟ್ಟರು. ಗಂಡುಮಕ್ಕಳಿಲ್ಲದ್ದರಿಂದ ಮೊದಲ ಹಿಡಿ ಮಣ್ಣು ಚಲುವಯ್ಯನದು. ಅವನು ಬಗ್ಗುವಷ್ಟರಲ್ಲಿ ಏರಿಯ ಮೇಲೆ ಕೊಡೆ ಕಾಣಿಸಿತು.

ಪರಮಶಿವಯ್ಯನವರು ಇಪ್ಪತ್ತು ಮಾರು ದೂರದಲ್ಲಿ ನಿಂತರು. ಹಿಂದೆ ಪುಟ್ಟಸ್ವಾಮಿ. ತಮಟೆ ನಿಂತಿತು, ಗಂಡಸರು ತಲೆಯ ಟವಲು ತೆಗೆದರು.

“ಲಕ್ಕ ಒಳ್ಳೇ ಆಳು,” ಎಂದರು ಪಟೇಲರು, ಎಲ್ಲರಿಗೂ ಕೇಳುವಂತೆ. “ಎದುರು ಮಾತಾಡಿದೋನಲ್ಲ. ಏನೋ ಕೈ ತಪ್ಪಿತು. ಆಚಾರಿ ಹಾಕಿದ ಮರಕ್ಕೆ ಮೂರು ವರ್ಷ ಆಯ್ತು, ಒಂದು ಗೀರು ಬಂದಿಲ್ಲ. ಕೈಗುಣ ಅಂತ ಒಂದಿರ್ತದೆ, ಯಾರೇನು ಮಾಡೋಕಾಗ್ತದೆ? ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಇವತ್ತು ಎಲ್ಲರ ಎದುರಿಗೇ ಹೇಳ್ತೀನಿ, ಅವನ ತಪ್ಪು ಮನ್ನಿಸಿದೀನಿ.”

“ದೊಡ್ಡ ಮನಸ್ಸು ಬುದ್ಧಿ,” ಎಂದು ಯಾರೋ ಅಂದರು. ನಾಲ್ಕೈದು ತಲೆಗಳು ಹೌದೆಂದು ತೂಗಿದವು. ಚಲುವಯ್ಯನ ಕಣ್ಣಲ್ಲಿ ನೀರೇ ಬಂತು.

ಮುದ್ದಮ್ಮ ಹೆಂಗಸರ ಸಾಲಿನಿಂದ ಸರಸರನೆ ಬಂದು ಗುಂಡಿಯ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟಳು. ಅವಳ ಪಾದ ಅಪ್ಪನ ಎದೆಯಿಂದ ಒಂದು ಗೇಣು ಮೇಲಿತ್ತು.

“ಮಣ್ಣು ಆಕ್ಬ್ಯಾಡಿ,” ಎಂದಳು.

“ಏಳವ್ವ, ಒತ್ತಾಯ್ತದೆ...” ಚಲುವಯ್ಯ ರೆಟ್ಟೆ ಹಿಡಿದ. ಅವಳು ಕೊಡವಿದಳು.

“ಆಚಾರಿ ಮಾಡಿದ ಮರಾನ ಅಮ್ಮಾವ್ರು ದನದ ಬಾನೀಲಿ ನೆನೆ ಆಕಿದ್ರಾ ಬುದ್ಧಿ?”

“ಏನು ಅಂತಿದಾಳೆ ಇವಳು?”

“ನಮ್ಮಪ್ಪ ತಿಕ್ಕಿದ ಮರಾನ ಆಕ್ತಿದ್ರಲ್ಲ, ಅಂಗೆ. ಒಂದು ರಾತ್ರಿ ನೀರು, ಮೂರು ದಿನ ಬಿಸ್ಲು. ವರ್ಸಾ ವರ್ಸಾ.”

“ಮನೇಲಿ ಶುದ್ಧಿ ಮಾಡ್ತಿದ್ರು,” ಎಂದರು ಪಟೇಲರು. “ಮಾಡದೆ ದೇವರ ಮುಂದೆ ಇಡೋಕಾಗ್ತದಾ? ಅದಕ್ಕೂ ಇದಕ್ಕೂ...”

ಮಾತು ಅಲ್ಲಿಗೆ ನಿಂತಿತು. ಅವರ ಕೈ ತಾನಾಗಿಯೇ ಕೆನ್ನೆಯ ಗಾಯದ ಮೇಲೆ ಹೋಯಿತು. ರೈತರ ಮನೆಯವರು, ನೇಗಿಲ ಮರ ನೆನೆದು ಒಣಗಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ವರ್ಷ ಅವರು ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೇ. ಈಗ ನೋಡಿದರು. ನೋಡಿದ್ದು ಮುದ್ದಮ್ಮನಿಗೂ ಕಾಣಿಸಿತು.

“ನಮ್ಮಪ್ಪನ ಕೈಯಿಂದ ಅಲ್ಲ ಅಂತ ಏಳಿ ಬುದ್ಧಿ. ಈಗ್ಲೇ ಏಳಿ.”

ಪಟೇಲರು ಕೊಡೆಯನ್ನು ಬಿಗಿಯಾಗಿ ಹಿಡಿದುಕೊಂಡರು. “ಹೆಣ ಮುಂದಿಟ್ಕೊಂಡು ರಂಪ ಮಾಡ್ತಾಳೆ. ಇಂಥೋರ ಹತ್ರ ಏನು ಮಾತು? ಪುಟ್ಟಸ್ವಾಮಿ, ನಡಿ,” ಎಂದು ತಿರುಗಿ ಹೊರಟರು.

ಪುಟ್ಟಸ್ವಾಮಿ ಹೆಜ್ಜೆ ಎತ್ತಿದ, ಇಟ್ಟ, ನಿಂತ.

“ನೀವೇ ಏಳಿ ಅಂಗಾರೆ,” ಎಂದಳು ಮುದ್ದಮ್ಮ. “ಚಿಮಟದಲ್ಲಿ ಇಡ್ಕೊಂಡೋಗಿ ಬಾನೀಗೆ ಆಕಿದ್ದು ನೀವು. ಚಾವಡೀಲಿ ಕಂಬದಂಗೆ ನಿಂತಿದ್ದೋರೂ ನೀವು.”

ಪುಟ್ಟಸ್ವಾಮಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಗುಂಡಿಯ ಕಡೆ ಬಂದ. ಊರಿನವನೊಬ್ಬ ಕೇರಿಯ ಹೆಣಕ್ಕೆ ಮಣ್ಣು ಹಾಕಲು ಬಂದದ್ದು ಕಂಡು ಜನ ಸರಿದು ದಾರಿ ಕೊಟ್ಟರು. ಮುದ್ದಮ್ಮ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದು ಮಣ್ಣು ಉದುರುವವರೆಗೆ ಅಲ್ಲಾಡಿಸಿದಳು.

“ನಿಮ್ ಮಣ್ಣು ಬ್ಯಾಡ. ಬಾಯಿ ಬುಟ್ಟು ಏಳಿ.”

“ಅವ್ವಾ, ನನ್ ಅನ್ನ ಅವ್ರ ಮನೇಲೈತೆ ಕಣವ್ವ.”

“ನಂದೂ ಅಲ್ಲೇ ಇತ್ತು.”

“ಒತ್ತು ಮುಳುಗೀತು ಕಣ್ರವ್ವ, ಹೆಣ ಕಾಯ್ತಾ ಅದೆ,” ಎಂದು ಚಲುವಯ್ಯ ಅಂಗಲಾಚಿದ. “ಅತ್ಗೆ, ನೀನಾದ್ರೂ ಏಳು ನಿನ್ ಮಗಳಿಗೆ.”

ಮಾದಮ್ಮ ಎದ್ದು ಬಂದಳು. ಮಗಳನ್ನು ಎಬ್ಬಿಸುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಸೆರಗು ಬಿಗಿದು ಮಗಳ ಪಕ್ಕದಲ್ಲೇ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟಳು. ಪುಟ್ಟಸ್ವಾಮಿಯ ಮುಖವನ್ನೇ ನೋಡುತ್ತ ಕೂತಳು.

ಪುಟ್ಟಸ್ವಾಮಿ ಏರಿಯ ಕಡೆ ನೋಡಿದ. ಪಟೇಲರು ಅಷ್ಟು ದೂರ ಹೋಗಿದ್ದವರು ನಿಂತಿದ್ದರು. ತಿರುಗಿರಲಿಲ್ಲ.

“ನಾನೇ ಆಕಿದ್ದು,” ಎಂದ ಅವನು.

“ಏನ?”

“ಮರಾನ. ಬಾನೀಗೆ.”

“ಜೋರಾಗಿ. ಎಷ್ಟು ವರ್ಸ?”

“ಅದು ಬರೋಕೆ ಸುರುವಾದಾಗ್ಲಿಂದ್ಲೂವೆ. ವರ್ಸಾ ವರ್ಸಾ ರಾತ್ರಿಯೆಲ್ಲ ನೀರಲ್ಲಿ ಬುಟ್ಟು ಬಿಸ್ಲಿಗೆ ಆಕ್ತಿದ್ದೆ.”

“ಸೀಳಿದ್ದು ಯಾತರಿಂದ?”

ಪುಟ್ಟಸ್ವಾಮಿ ಟವಲಿನಲ್ಲಿ ಬಾಯಿ ಒರೆಸಿಕೊಂಡ.

“ನೀರಿಂದ. ಲಕ್ಕಯ್ಯನ ಕೈಯಿಂದ ಅಲ್ಲ.”

ಮುದ್ದಮ್ಮ ಕಾಲನ್ನು ಮೇಲಕ್ಕೆಳೆದುಕೊಂಡು, ಅವ್ವನನ್ನೂ ಎಬ್ಬಿಸಿ, ಎರಡು ಕೈತುಂಬ ಮಣ್ಣು ಬಾಚಿದಳು.

“ಇನ್ನೊಂದ್ಸಲ,” ಎಂದಳು.

“ಲಕ್ಕಯ್ಯನ ಕೈಯಿಂದ ಅಲ್ಲ.”

ಮಣ್ಣು ಬಿತ್ತು. ಮಾದಮ್ಮ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಅವನ ಕಡೆ ನೋಡಿದಳು. ಅವನು ಮತ್ತೆ ಹೇಳಿದ. ಚಲುವಯ್ಯನಿಗೂ ಹೇಳಿದ. ಆಮೇಲೆ ಮಂಕರಿಗಳು ಎದ್ದವು, ಒಂದೊಂದಕ್ಕೂ ಅವನು ಹೇಳಿದ. ಏರಿಯ ಮೇಲಿನ ಕೊಡೆ ಹೋಗಲೂ ಇಲ್ಲ, ಬರಲೂ ಇಲ್ಲ. ಗುಂಡಿ ಅರ್ಧ ತುಂಬುವ ಹೊತ್ತಿಗೆ ಹೇಳಿ ಹೇಳಿ ಪುಟ್ಟಸ್ವಾಮಿಯ ದನಿಯೇ ಹೊರಡದಾಯಿತು. ಮಣ್ಣು ತುಂಬಿದ ಮಂಕರಿಯನ್ನು ತಲೆಯ ಮೇಲೆತ್ತಿದ್ದ ಕೇರಿಯವನು ಅದನ್ನು ಸುರಿಯಲಿಲ್ಲ. ಪುಟ್ಟಸ್ವಾಮಿಯ ಬಾಯನ್ನೇ ನೋಡುತ್ತ, ಕಾದು ನಿಂತ.